ಮೈಸೂರಿನ ಅಕ್ಕತಂಗಿಯರ ಮನೆಗಳ ಮುಂದೆ ನಾಲ್ಕು ದಿನ

ಬುಧವಾರ

ಚಿಕ್ಕಮ್ಮ ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮಧ್ಯಾಹ್ನದ ತರಗತಿ ಮುಗಿದ ಮೇಲೆ ಗೆಳತಿಯರೆಲ್ಲ ಅದೇ ಆವರಣದಲ್ಲಿದ್ದ ಹಳೆಯ ಮಹಲು ಜಯಲಕ್ಷ್ಮೀ ವಿಲಾಸಕ್ಕೆ ಹೋಗುತ್ತಿದ್ದರಂತೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಅಂಗಾಲಿನಿಂದ ನೆತ್ತಿಯವರೆಗೂ ತಂಪು. ಆ ತಂಪಿನ ಮಾತನ್ನು ಕೇಳುತ್ತಲೇ ನಾನು ಬೆಳೆದವಳು. ಕಳೆದ ವರ್ಷ ಊರಿನಲ್ಲಿದ್ದ ಅವರ ತವರುಮನೆ, ಅಂದರೆ ನನ್ನ ಅಜ್ಜಿಯ ಮನೆ, ಪಾಲಿಗೆ ಬಂದು ಮಾರಾಟವಾಯಿತು. ಕೆಲವು ತಿಂಗಳು ಕಳೆದ ಮೇಲೆ ಚಿಕ್ಕಮ್ಮ, "ಆ ಮನೆಯನ್ನು ಉಳಿಸಿಕೊಳ್ಳಲು ನಮ್ಮಿಂದ ಆಗಲಿಲ್ಲ. ಜಯಲಕ್ಷ್ಮೀ ವಿಲಾಸವನ್ನಾದರೂ ಇನ್ನೊಮ್ಮೆ ನೋಡಿಕೊಂಡು ಬರೋಣ" ಎಂದರು. ಆಷಾಢದ ಒಂದು ಬುಧವಾರ ತುಮಕೂರಿನಿಂದ ಬೆಳಗಿನ ಬಸ್ಸು ಹಿಡಿದೆವು.

ಬೆಂಗಳೂರಿನಿಂದಾಚೆಗಿನ ಹೊಸ ಹೆದ್ದಾರಿ ಮದ್ದೂರನ್ನು ಬದಿಗಿಟ್ಟು ಹಾದುಹೋಗುತ್ತದೆ. ಮದ್ದೂರು ವಡೆ ತಿನ್ನದೆ ಮೈಸೂರು ತಲುಪಿದ್ದು ಇದೇ ಮೊದಲು ಎಂದು ಚಿಕ್ಕಮ್ಮ ಬಹಳ ಹೊತ್ತು ಪೇಚಾಡಿಕೊಂಡರು. ವಡೆ ಬೇಕೆನ್ನುವವರು ಹಳೆಯ ರಸ್ತೆಯಲ್ಲಿ ಊರೂರು ನಿಲ್ಲಿಸುತ್ತ ಹೋಗುವ ಸಾಮಾನ್ಯ ಬಸ್ಸನ್ನೇ ಹತ್ತಬೇಕು. ಸಮಯ ಹೆಚ್ಚು ಹಿಡಿಯುತ್ತದೆ, ಆದರೆ ಮಂಡ್ಯದ ಕಬ್ಬಿನ ಗದ್ದೆಗಳೂ ಕಾಣುತ್ತವೆ.

ಮಧ್ಯಾಹ್ನ ಮೊದಲು ಹೋದದ್ದು ಜಗನ್ಮೋಹನ ಅರಮನೆಗೆ. ನಾವು ನೋಡಲು ಬಂದ, ಮೈಸೂರಿನ ಮೂವರು ರಾಜಕುಮಾರಿಯರ ಮನೆಗಳ ಕಥೆ ಶುರುವಾಗುವುದೇ ಅಲ್ಲಿಂದ. 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಕಟ್ಟಿಸಿದ ಅರಮನೆ ಅದು. 1894ರ ಡಿಸೆಂಬರಿನಲ್ಲಿ ಹತ್ತನೆಯ ಚಾಮರಾಜ ಒಡೆಯರ್ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಮಕ್ಕಳೆಲ್ಲ ಚಿಕ್ಕವರು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ರಾಜ್ಯದ ಹೊಣೆ ಹೊತ್ತರು. 1897ರಲ್ಲಿ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆ. ಆ ಮದುವೆಯ ಸಂಭ್ರಮದ ನಡುವೆಯೇ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದು ಬಹುಪಾಲು ಸುಟ್ಟುಹೋಯಿತು. ರಾಜಮನೆತನ ಜಗನ್ಮೋಹನಕ್ಕೆ ಬಂದು ನೆಲೆಸಿತು. 1902ರ ಆಗಸ್ಟಿನಲ್ಲಿ ಮಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಅಧಿಕಾರ ಹಸ್ತಾಂತರವಾದದ್ದು ಇಲ್ಲಿಯೇ, ವೈಸ್‌ರಾಯ್ ಲಾರ್ಡ್ ಕರ್ಜನ್‌ನ ಸಮ್ಮುಖದಲ್ಲಿ. ಇಂದು ಜಗತ್ತೆಲ್ಲ ಬಂದು ನೋಡುವ ಅಂಬಾವಿಲಾಸ ಅರಮನೆ ಆ ಬೂದಿಯ ಮೇಲೆ ಎದ್ದದ್ದು.

ಮದುವೆಯ ಹೊತ್ತಿಗೇ ತವರುಮನೆ ಉರಿದುಹೋದದ್ದನ್ನು ಕಂಡ ಹೆಣ್ಣುಮಗಳ ಮನಸ್ಸು ಹೇಗಿದ್ದಿರಬೇಕು? ಹಾಲ್ದಣಕರರ ದೀಪ ಹಿಡಿದ ಹುಡುಗಿಯ ಚಿತ್ರದ ಮುಂದೆ ಎಲ್ಲರಂತೆ ನಾವೂ ನಿಂತೆವು. ಕೈ ಅಡ್ಡ ಹಿಡಿದು ದೀಪ ಕಾಯುತ್ತಿರುವ ಆ ಹುಡುಗಿಯನ್ನು ನೋಡುತ್ತಿದ್ದರೂ ನನ್ನ ತಲೆಯಲ್ಲಿ ಇದ್ದದ್ದು ಆ ಮದುಮಗಳೇ.

ಸಂಜೆಯೇ ಜಯಲಕ್ಷ್ಮೀ ವಿಲಾಸವನ್ನು ಹೊರಗಿನಿಂದಲಾದರೂ ನೋಡೋಣವೆಂದು ಆಟೋ ಹತ್ತಿದೆವು. ಮಳೆಯ ಸದ್ದಿನಲ್ಲಿ ಹೆಸರು ಅರ್ಧವಷ್ಟೇ ಕೇಳಿಸಿರಬೇಕು, ಚಾಲಕ ನಮ್ಮನ್ನು ಜಯಲಕ್ಷ್ಮೀಪುರಂನಲ್ಲಿ ಇಳಿಸಿ ಹೋದ. ಕತ್ತಲಾಗುತ್ತಿತ್ತು, ಮಳೆ ಜೋರಾಯಿತು. ಒಂದು ಹಳೆಯ ಮನೆಯ ಗೇಟಿನ ಬಳಿ ಕೊಡೆ ಸರಿಪಡಿಸಿಕೊಳ್ಳುತ್ತ ನಿಂತಿದ್ದಾಗ ಒಳಗಿನಿಂದ ವಯಸ್ಸಾದ ಹೆಂಗಸೊಬ್ಬರು, "ನೆನೆಯಬೇಡಿ, ಜಗುಲಿಗೆ ಬನ್ನಿ" ಎಂದು ಕರೆದರು. ಕಾಫಿ ಕೊಟ್ಟರು. ವಿಷಯ ತಿಳಿದು, "ವಿಲಾಸ ಗಿಲಾಸ ಎನ್ನಬೇಡಿ, ಗಂಗೋತ್ರಿಯ ಜಾನಪದ ಮ್ಯೂಸಿಯಂ ಎಂದು ಹೇಳಿ. ಯಾವ ಆಟೋದವರಿಗೂ ಗೊತ್ತಾಗುತ್ತದೆ" ಎಂದರು. ಆ ಮಾತು ಮಾರನೆಯ ದಿನ ಉಪಯೋಗಕ್ಕೆ ಬಂತು. ಆದರೆ ರಾತ್ರಿ ಮಲಗಿದಾಗ ಅದೇ ಮಾತು ಸ್ವಲ್ಪ ಚುಚ್ಚಿತು ಕೂಡ. ಮನೆಯ ಹೆಸರು ಹೇಳಿದರೆ ಮನೆ ಸಿಗುವುದಿಲ್ಲ, ಈಗ ಅದು ಮಾಡುತ್ತಿರುವ ಕೆಲಸದ ಹೆಸರು ಹೇಳಬೇಕು.

ಗುರುವಾರ

ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮಳೆ ನಿಂತು ಮೋಡ ಮಾತ್ರ ಉಳಿದಿತ್ತು. ಗಂಗೋತ್ರಿಯ ರಸ್ತೆಗಳಲ್ಲಿ ಮಳೆಮರದ ಎಲೆಗಳಿಂದ ಹನಿ ಬೀಳುತ್ತಲೇ ಇತ್ತು. ಚಿಕ್ಕಮ್ಮ ನನಗಿಂತ ಮುಂದೆ ನಡೆಯುತ್ತಿದ್ದರು. ಅವರ ಮಂಡಿನೋವು ಎಲ್ಲಿ ಹೋಯಿತೋ ತಿಳಿಯದು. ತಿರುವೊಂದರಲ್ಲಿ ಗಕ್ಕನೆ ನಿಂತು, "ಅಲ್ಲಿ" ಎಂದರು.

ಮೊದಲು ಕಾಣುವುದು ಉದ್ದ. ಕುಕ್ಕರಹಳ್ಳಿ ಕೆರೆಯ ಕಡೆಯ ದಿಬ್ಬದ ಮೇಲೆ ಮೈಚಾಚಿಕೊಂಡಿರುವ ಮನೆ, ಮೂರು ಭಾಗ, ಜೋಡಿ ಜೋಡಿ ಕಂಬಗಳು. ಕಂಬಗಳ ತಲೆ ಗ್ರೀಕ್ ಮಾದರಿಯದು, ನೆತ್ತಿಯ ಮುಕ್ಕೋಣದಲ್ಲಿ ಕೂತವಳು ನಮ್ಮ ಗಜಲಕ್ಷ್ಮಿ. ಆರು ಎಕರೆ ಆವರಣ, 125 ಕೋಣೆ, 300 ಕಿಟಕಿ, ಕೆತ್ತನೆಯ 287 ಬಾಗಿಲು ಎಂಬ ಲೆಕ್ಕವನ್ನು ನಾನು ಓದಿಕೊಂಡು ಹೋಗಿದ್ದೆ. ಅದರ ಮುಂದೆ ನಿಂತಾಗ ಆ ಲೆಕ್ಕ ಮರೆತೇಹೋಯಿತು. ನನ್ನ ಕಣ್ಣು ಹೋದದ್ದು ಗಾರೆ ಉದುರಿ ಇಟ್ಟಿಗೆ ಕಾಣುತ್ತಿದ್ದ ಜಾಗಗಳಿಗೆ, ಗೋಡೆಯ ಸಂದಿನಲ್ಲಿ ಬೇರು ಬಿಟ್ಟ ಅರಳಿ ಸಸಿಗೆ.

1905ರಲ್ಲಿ ನಾಲ್ವಡಿಯವರು ತಮ್ಮ ಹಿರಿಯ ಅಕ್ಕನಿಗಾಗಿ ಇದನ್ನು ಏಳು ಲಕ್ಷ ರೂಪಾಯಿ ವೆಚ್ಚದಲ್ಲಿ ಕಟ್ಟಿಸಿದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ತಂದೆ ಇಲ್ಲದ ಮನೆಯಲ್ಲಿ ತಮ್ಮನೇ ಅಕ್ಕನಿಗೆ ತವರಿನ ಉಡುಗೊರೆ ಕೊಟ್ಟಂತೆ. ಅಕ್ಕನ ಗಂಡ ಎಂ. ಕಾಂತರಾಜ ಅರಸರು ಮಹಾರಾಣಿಯ ತಮ್ಮ, ಅಂದರೆ ಹುಡುಗಿಗೆ ಸೋದರಮಾವ. ನಮ್ಮ ಕಡೆ ಇಂದಿಗೂ ಅಪರೂಪವಲ್ಲದ ಸಂಬಂಧ. ಅದೇ ಕಾಂತರಾಜ ಅರಸರು 1918ರ ಕೊನೆಯಲ್ಲಿ ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದರು. ಅವರ ಹೆಸರು ಊರಿನ ದೊಡ್ಡ ರಸ್ತೆಯೊಂದಕ್ಕೆ ಇದೆ, ಬಸ್ಸಿನವರ ಬಾಯಲ್ಲಿ ದಿನವೂ ಓಡಾಡುತ್ತದೆ. ಜಯಲಕ್ಷ್ಮಮ್ಮಣ್ಣಿಯ ಹೆಸರು ಉಳಿದಿರುವುದು ಈ ಮನೆಯಲ್ಲಿ. ಮನೆ ಬಿದ್ದರೆ ಹೆಸರೂ ಬೀಳುತ್ತದೆ ಎಂಬ ಹೆದರಿಕೆ ನನಗೆ ಅಲ್ಲಿಯೇ ಹುಟ್ಟಿತು.

ರಾಜಕುಮಾರಿಯ ಕಾಲ ಮುಗಿದು, ರಾಜ್ಯವೂ ಹೋದ ಮೇಲೆ ಇಷ್ಟು ದೊಡ್ಡ ಮನೆಯನ್ನು ಯಾರು ಸಾಕಬೇಕು? 1959ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಇದನ್ನು ಕೊಂಡಿತು. ಆಗ ಕುಲಪತಿಗಳಾಗಿದ್ದವರು ಕುವೆಂಪು. ಸ್ನಾತಕೋತ್ತರ ಕೇಂದ್ರಕ್ಕೆ ಜಾಗ ಬೇಕಿತ್ತು, ಅದಕ್ಕೆ ಮಾನಸಗಂಗೋತ್ರಿ ಎಂದು ಹೆಸರಿಟ್ಟವರೂ ಅವರೇ. ಒಬ್ಬಳು ಹೆಣ್ಣುಮಗಳಿಗೆ ಸೇರಿದ್ದ ಅಂಗಳ ಸಾವಿರಾರು ಹೆಣ್ಣುಮಕ್ಕಳ ಓದಿನ ಅಂಗಳವಾಯಿತು. ಚಿಕ್ಕಮ್ಮ ಅವರಲ್ಲಿ ಒಬ್ಬರು. ಮಾರಾಟ ಎಂದರೆ ಕಳೆದುಕೊಳ್ಳುವುದು ಎಂದೇ ತಿಳಿದಿದ್ದ ನನಗೆ ಈ ಒಂದು ಮಾರಾಟ ಬೇರೆ ರೀತಿ ಕಂಡಿತು.

1968ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಇಲ್ಲಿಗೆ ಬಂತು. ದೇ. ಜವರೇಗೌಡರ ಆಸಕ್ತಿ, ಜೀ.ಶಂ. ಪರಮಶಿವಯ್ಯ ಮತ್ತು ಚಿತ್ರಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ದುಡಿಮೆ ಅದರ ಹಿಂದೆ ಇತ್ತು. ಹಳ್ಳಿಹಳ್ಳಿಯಿಂದ ತಂದ ವಸ್ತುಗಳ ಸಂಖ್ಯೆ 6,500ನ್ನು ದಾಟಿದೆ. ಸೋಮನ ಮುಖಗಳು, ತೊಗಲುಗೊಂಬೆಗಳು, ಯಕ್ಷಗಾನದ ಕಿರೀಟಗಳು, ಒನಕೆ, ಬೀಸುಕಲ್ಲು. "ಕಲ್ಯಾಣಮಂಟಪದ ಬಣ್ಣದ ಗಾಜಿನ ಬೆಳಕು ನೆಲದ ಮೇಲೆ ಬೀಳುತ್ತಿತ್ತು. ಇನ್ನೊಂದು ಕಡೆ ಹೋದರೆ ನಮ್ಮಮ್ಮ ಉಪಯೋಗಿಸುತ್ತಿದ್ದಂಥದ್ದೇ ಬೀಸುಕಲ್ಲು. ರಾಜಕುಮಾರಿಯ ಮನೆಯೊಳಗೆ ನಮ್ಮ ಅಡುಗೆಮನೆ ಬಂದು ಕೂತಿದೆ ಎಂದು ನಾವು ಗೆಳತಿಯರು ಆಡಿಕೊಳ್ಳುತ್ತಿದ್ದೆವು" ಎಂದು ಚಿಕ್ಕಮ್ಮ ನೆನೆದರು.

ನಾವು ಹೋದ ದಿನ ಒಳಗೆ ಪ್ರವೇಶ ಇರಲಿಲ್ಲ. ದುರಸ್ತಿಯ ಕಾರಣಕ್ಕೆ ಮುಚ್ಚುವುದು, ತೆರೆಯುವುದು ಇಲ್ಲಿ ನಡೆಯುತ್ತಲೇ ಇರುತ್ತದೆ. ದೂರದಿಂದ ಬರುವವರು ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಚಿಕ್ಕಮ್ಮ ಏನೂ ಹೇಳಲಿಲ್ಲ. ಮೆಟ್ಟಿಲ ಬಳಿ ಹೋಗಿ, ಚಪ್ಪಲಿ ಬಿಟ್ಟು, ಮೊದಲ ಮೆಟ್ಟಿಲ ಕಲ್ಲಿನ ಮೇಲೆ ಒಂದು ನಿಮಿಷ ನಿಂತರು. ಕಾವಲಿನವರು ನೋಡಿದರು, ತಡೆಯಲಿಲ್ಲ.

ಅಲ್ಲಿಂದ ಹೊರಬಂದು ಚಹಾ ಕುಡಿಯುವಾಗ ಸಿಕ್ಕಿದವರು ಅರವತ್ತು ದಾಟಿದ ಗಾರೆ ಮೇಸ್ತ್ರಿಯೊಬ್ಬರು. ಹಳೆಯ ಮನೆಗಳ ಕೆಲಸ ಮಾಡಿ ಪಳಗಿದವರು. ನಾನು ಮಳೆಯನ್ನು ಬೈದಾಗ ಅವರು ಒಪ್ಪಲಿಲ್ಲ.

"ಮಳೆಯನ್ನು ಏಕೆ ಬೈಯುತ್ತೀರಿ ಅಮ್ಮ? ಈ ಮನೆಗಳು ಮಳೆ ಕಂಡಿಲ್ಲವೇ? ಹಳೆಯ ತಾರಸಿ ಹೇಗಿರುತ್ತದೆ ಗೊತ್ತೇ? ಕೆಳಗೆ ತೇಗದ ಜಂತೆ ಒತ್ತೊತ್ತಾಗಿ. ಅದರ ಮೇಲೆ ಇಟ್ಟಿಗೆಯನ್ನು ಅಡ್ಡಂಬದಿ ನಿಲ್ಲಿಸಿ ಸುಣ್ಣದ ಗಾರೆ ತುಂಬುತ್ತಾರೆ. ಮೇಲೆ ಬಿರುಕು ಬಿಟ್ಟ ವರ್ಷವೇ ಮುಚ್ಚಿದರೆ ನೂರು ವರ್ಷ ಏನೂ ಆಗುವುದಿಲ್ಲ. ಬಿಟ್ಟರೆ ನೀರು ಇಳಿದು ಜಂತೆಯ ತುದಿಗೆ ಹೋಗುತ್ತದೆ. ತುದಿ ಗೋಡೆಯೊಳಗೆ ಇರುತ್ತದೆ, ಗಾಳಿ ಆಡುವುದಿಲ್ಲ. ಅಲ್ಲಿಯೇ ಮೊದಲು ಕೊಳೆಯುವುದು. ಕೆಳಗೆ ನಿಂತವರಿಗೆ ಏನೂ ಕಾಣುವುದಿಲ್ಲ. ಒಂದು ದಿನ ಇದ್ದಕ್ಕಿದ್ದಂತೆ ಕುಸಿಯುತ್ತದೆ."

"ಸಿಮೆಂಟು ಮೆತ್ತಿದರೆ?"

"ಅದು ಇನ್ನೂ ಕೆಟ್ಟದ್ದು. ಸುಣ್ಣದ ಗೋಡೆ ಉಸಿರಾಡುತ್ತದೆ. ಕುಡಿದ ನೀರನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಮೆತ್ತಿದರೆ ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಸುಣ್ಣ ನೆನೆಹಾಕಿ, ಅರೆದು, ಬೆಲ್ಲದ ನೀರು ಸೇರಿಸಿ ಕೆಲಸ ಮಾಡಬೇಕು. ಅಷ್ಟು ದಿನ ಕಾಯುವವರು ಯಾರು?"

ಮನೆಯ ಕಷ್ಟವನ್ನು ಇಷ್ಟು ಚೊಕ್ಕವಾಗಿ ನನಗೆ ಯಾರೂ ತಿಳಿಸಿಕೊಟ್ಟಿರಲಿಲ್ಲ. 2012ರ ಆಗಸ್ಟಿನಲ್ಲಿ ಮೈಸೂರಿನ ಹಳೆಯ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು ನೆನಪಾಯಿತು. ಜಯಲಕ್ಷ್ಮೀ ವಿಲಾಸವೂ ಶಿಥಿಲವಾಗಿ, ಇನ್ಫೋಸಿಸ್ ಪ್ರತಿಷ್ಠಾನ ಕೊಟ್ಟ 1.17 ಕೋಟಿ ರೂಪಾಯಿಯಲ್ಲಿ ದುರಸ್ತಿಯಾಗಿ 2006ರಲ್ಲಿ ಮತ್ತೆ ತೆರೆದಿತ್ತು. ಎರಡು ದಶಕ ತುಂಬುವ ಮೊದಲೇ ಮತ್ತೆ ಸೋರತೊಡಗಿತು. ಅಮೆರಿಕದ ರಾಯಭಾರ ಕಚೇರಿಯ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವಿನಿಂದ ಪಶ್ಚಿಮ ಭಾಗವನ್ನು ಉಳಿಸುವ ಕೆಲಸ ಈಗ ಕೈಗೂಡಿದೆ. ಸಂತೋಷವೇ. ಆದರೆ ದೊಡ್ಡ ದುಡ್ಡು ಇಪ್ಪತ್ತು ವರ್ಷಕ್ಕೊಮ್ಮೆ ಬಂದರೆ ಸಾಲದು. ಪ್ರತಿ ಬೇಸಿಗೆಯಲ್ಲಿ ತಾರಸಿ ಹತ್ತಿ ಬಿರುಕು ಹುಡುಕುವ ಒಬ್ಬ ಮೇಸ್ತ್ರಿ ಬೇಕು, ಅವನಿಗೆ ವರ್ಷವಿಡೀ ಸಂಬಳ ಬೇಕು. ನಮ್ಮಜ್ಜ ಹೆಂಚಿನ ಮಾಡನ್ನು ಮುಂಗಾರಿಗೆ ಮೊದಲು ತಾವೇ ಹತ್ತಿ ಕೈಯಾಡಿಸುತ್ತಿದ್ದರು. ಅವರು ಹೋದ ಮೇಲೆ ಯಾರೂ ಹತ್ತಲಿಲ್ಲ. ಆ ಮನೆ ಕೈತಪ್ಪಿದ್ದು ಪಾಲಿನ ದಿನವಲ್ಲ, ಏಣಿ ಮೂಲೆ ಸೇರಿದ ದಿನ.

ಮಧ್ಯಾಹ್ನ ಮೂರನೆಯ ರಾಜಕುಮಾರಿ ಚೆಲುವಾಜಮ್ಮಣ್ಣಿಯ ಮನೆ. ಚೆಲುವಾಂಬ ಎಂದಷ್ಟೇ ಹೇಳಿದರೆ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಸಿಎಫ್‌ಟಿಆರ್‌ಐ ಎನ್ನಬೇಕು. ಹಿಂದಿನ ಸಂಜೆಯ ಪಾಠ ಮರೆತಿರಲಿಲ್ಲ. 1950ರ ಅಕ್ಟೋಬರಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಈ ಮಹಲಿನಲ್ಲಿ ಶುರುವಾಯಿತು. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ರೂಪುಗೊಂಡದ್ದು ಈ ಸಂಸ್ಥೆಯಲ್ಲಿ. ಅನುಮತಿಯಿಲ್ಲದೆ ಒಳಗೆ ಬಿಡುವುದಿಲ್ಲ, ಸಂಶೋಧನೆ ನಡೆಯುವ ಜಾಗಕ್ಕೆ ಅದು ಸರಿಯೇ. ಗೇಟಿನಾಚೆಯಿಂದ ನೋಡಿದ್ದಕ್ಕೇ ಸಮಾಧಾನವಾಯಿತು. ಸುಣ್ಣಬಣ್ಣ ಕಂಡ ಗೋಡೆ, ಹಸಿರು ಹುಲ್ಲು. ದಿನವೂ ಜನ ಬಂದು ಕೆಲಸ ಮಾಡುವ ಮನೆಯ ಮುಖದಲ್ಲಿ ಕಳೆ ಇರುತ್ತದೆ.

ಶುಕ್ರವಾರ

ನಜರ್‌ಬಾದಿನ ಮೈಲಾರಿ ಹೋಟೆಲಿನಲ್ಲಿ ಏಳೂವರೆಗೇ ಜನ ತುಂಬಿದ್ದರು. ಬೆಣ್ಣೆ ಕರಗುತ್ತಿದ್ದ ಮೆತ್ತನೆಯ ದೋಸೆ, ಒಳಗೆ ಸಾಗು. ಮೇಜಿನೆದುರು ಕೂತಿದ್ದ ನಿವೃತ್ತ ಅಂಚೆ ನೌಕರರೊಬ್ಬರು ನಾವು ಕಾರಂಜಿ ಮಹಲಿಗೆ ಹೊರಟಿದ್ದೇವೆ ಎಂದು ಕೇಳಿ ದೋಸೆಯನ್ನೇ ಮರೆತರು. ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಬೇತಿ ಪಡೆದದ್ದು ಅಲ್ಲಿಯೇ.

"ಹಳ್ಳಿಯಿಂದ ಬಂದ ಹುಡುಗ ನಾನು. ಅಷ್ಟು ಎತ್ತರದ ಚಾವಣಿಯ ಕೆಳಗೆ ಅದುವರೆಗೆ ಕೂತಿರಲಿಲ್ಲ. ಮನಿಯಾರ್ಡರ್ ಪಾಠ ಕೇಳುತ್ತ ಮೇಲೆ ನೋಡುತ್ತಿದ್ದೆ" ಎಂದರು.

"ಅದು ಯಾರ ಮನೆ ಎಂದು ಆಗ ಗೊತ್ತಿತ್ತೇ?" ಎಂದು ಚಿಕ್ಕಮ್ಮ ಕೇಳಿದರು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಮ್ಮ. ಮಹಾರಾಜರದ್ದು ಎಂದುಕೊಂಡಿದ್ದೆವು" ಎಂದರು.

ಅದು ಎರಡನೆಯ ರಾಜಕುಮಾರಿ ಕೃಷ್ಣಾಜಮ್ಮಣ್ಣಿಗಾಗಿ ಕಟ್ಟಿಸಿದ ಮನೆ. ಕ್ಷಯ ಅವರನ್ನೂ ಅವರ ಹೆಣ್ಣುಮಕ್ಕಳನ್ನೂ ಕೊಂಡೊಯ್ದಿತು. ಅರಮನೆಯ ವೈದ್ಯರಿದ್ದರೂ ಆ ಕಾಲದಲ್ಲಿ ಆ ಕಾಯಿಲೆಗೆ ಮದ್ದಿರಲಿಲ್ಲ. ಅವರ ಹೆಸರಿನಲ್ಲಿಯೇ ಮೈಸೂರಿನಲ್ಲಿ ಕ್ಷಯರೋಗಿಗಳ ಆರೋಗ್ಯಧಾಮ ಸ್ಥಾಪನೆಯಾಯಿತು. ಊರಿನವರೆಲ್ಲ ಪಿಕೆಟಿಬಿ ಆಸ್ಪತ್ರೆ ಎನ್ನುವುದರ ಮೊದಲೆರಡು ಅಕ್ಷರ 'ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ'. ಇದನ್ನು ಹೇಳಿದಾಗ ಆ ಹಿರಿಯರು ಎರಡು ಕೈಯನ್ನೂ ಮೇಜಿನ ಮೇಲಿಟ್ಟು, "ನನ್ನ ತಾಯಿ ಅಲ್ಲಿ ಐದು ತಿಂಗಳು ಇದ್ದು ಗುಣವಾಗಿ ಬಂದರು" ಎಂದರು. ಒಂದೇ ಹೆಣ್ಣುಮಗಳ ಹೆಸರಿನ ನೆರಳಿನಲ್ಲಿ ತಾನು ತರಬೇತಿ ಪಡೆದು, ತಾಯಿಯನ್ನೂ ಉಳಿಸಿಕೊಂಡದ್ದು ಅವರಿಗೆ ತಿಳಿದದ್ದು ಅಂದು ಬೆಳಿಗ್ಗೆ, ಆ ಮೇಜಿನಲ್ಲಿ. ನಮ್ಮ ಬಿಲ್ಲನ್ನು ಅವರೇ ಕೊಟ್ಟರು. ಎಷ್ಟು ಬೇಡವೆಂದರೂ ಕೇಳಲಿಲ್ಲ.

ಕಾರಂಜಿ ಮಹಲು ಈಗಲೂ ಅಂಚೆ ಇಲಾಖೆಯ ತರಬೇತಿ ಕೇಂದ್ರ. ಹೊರಗಿನಿಂದಲೇ ನೋಡಿದೆವು. ಎದುರಿನಿಂದ ನೋಡಿದರೆ ಆ ಮನೆ ಗಂಭೀರವಾಗಿ, ಸ್ವಲ್ಪ ಮೌನವಾಗಿ ಇದೆ. ನಾನು ಅದರ ಕಥೆ ತಿಳಿದು ಹೋದದ್ದರಿಂದ ಹಾಗೆ ಅನ್ನಿಸಿರಬಹುದು.

ಲಲಿತ ಮಹಲಿಗೆ ಹೋಗುವ ಯೋಜನೆ ಅರ್ಧಕ್ಕೇ ನಿಂತಿತು. ಆಷಾಢ ಶುಕ್ರವಾರ ಎಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆ ದಿನ ಚಾಮುಂಡಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ, ಲಲಿತ ಮಹಲಿನ ಹತ್ತಿರದ ಹೆಲಿಪ್ಯಾಡ್ ಮೈದಾನದಿಂದ ಬಸ್ಸುಗಳು ಹೊರಡುತ್ತವೆ. ಹೂವು, ನಿಂಬೆಹಣ್ಣು, ಕುಂಕುಮದ ಪೊಟ್ಟಣ ಹಿಡಿದ ಸಾವಿರಾರು ಹೆಂಗಸರು ಸಾಲಿನಲ್ಲಿದ್ದರು. ಆ ನೂಕಾಟದಲ್ಲಿ ಚಿಕ್ಕಮ್ಮನ ಒಂದು ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೂದಲ ಪಿನ್ನು ತೆಗೆದು ಕ್ಷಣದಲ್ಲಿ ಸರಿಮಾಡಿಕೊಟ್ಟಳು. ಮಹಲುಗಳನ್ನು ನೋಡಲೆಂದೇ ಬರುವವರು ಆಷಾಢದ ಶುಕ್ರವಾರ ಈ ಕಡೆ ಬರದಿರುವುದು ಮೇಲು.

ಆದರೂ ದೂರದಿಂದ ಬಿಳಿಯ ಗುಮ್ಮಟ ಕಂಡಿತು. ಲಲಿತ ಮಹಲು ವೈಸ್‌ರಾಯ್‌ಗಳ ವಾಸ್ತವ್ಯಕ್ಕೆಂದು ಕಟ್ಟಿಸಿದ ಅರಮನೆ. 1921ರಲ್ಲಿ ಅಡಿಗಲ್ಲು ಬಿತ್ತು, ವಾಸ್ತುಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ. 1974ರಲ್ಲಿ ಹೋಟೆಲ್ ಆಯಿತು, ಬಹುಕಾಲ ಕೇಂದ್ರದ ಪ್ರವಾಸೋದ್ಯಮ ನಿಗಮ ನಡೆಸಿತು, 2018ರಲ್ಲಿ ರಾಜ್ಯದ ಕೈಗೆ ಬಂತು. ಬೆಟ್ಟದ ಮೇಲಿನ ರಾಜೇಂದ್ರ ವಿಲಾಸವೂ ಹೋಟೆಲ್ ಆಗಿತ್ತು, ಅದು ಮುಚ್ಚಿ ದಶಕಗಳೇ ಕಳೆದಿವೆ. ನಗರದ ಮೇಲೆ ಅಷ್ಟು ಎತ್ತರದಲ್ಲಿ ಕೂತಿದ್ದರೂ ಅದರೊಳಗೆ ಹೆಜ್ಜೆ ಸದ್ದಿಲ್ಲ.

ಬಸ್ಸು ಹತ್ತುವ ಆಸೆ ಬಿಟ್ಟು ಮೈದಾನದ ಅಂಚಿನಲ್ಲಿ ಕೂತೆವು. ಯಾರೋ ಪ್ರಸಾದವೆಂದು ಬಿಸಿಬೇಳೆಬಾತು ಕೊಟ್ಟರು. ದೊನ್ನೆಯೊಳಗೆ ಮಳೆಹನಿ ಬೀಳದಂತೆ ಸೆರಗು ಅಡ್ಡ ಹಿಡಿದು ಚಿಕ್ಕಮ್ಮ ಊಟ ಮಾಡಿದರು. ಬೇಗ ಬೇಗ ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ನನ್ನ ಆತುರ ಅಲ್ಲಿಗೆ ಇಳಿಯಿತು.

ಶನಿವಾರ

ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಬೆಳಿಗ್ಗೆ ಆರಕ್ಕೆ ಕುಕ್ಕರಹಳ್ಳಿ ಕೆರೆಗೆ ಹೋದೆವು. ಏರಿಯ ಮೇಲೆ ನಡೆಯುವವರು, ಓಡುವವರು. ಕೆರೆಯ ನಡುವಿನ ನಡುಗಡ್ಡೆಯ ಮರಗಳಲ್ಲಿ ಹೆಜ್ಜಾರ್ಲೆಗಳು. ಈ ಹಾದಿಯಲ್ಲಿ ಕುವೆಂಪು ನಡೆಯುತ್ತಿದ್ದರು. ಇಲ್ಲಿಂದ ದಿಬ್ಬದತ್ತ ನೋಡುತ್ತಲೇ ಆ ಮನೆ ಓದುವ ಮಕ್ಕಳಿಗೆ ಸಿಗಬೇಕೆಂದು ಅವರಿಗೆ ಹೊಳೆದಿರಬಹುದೇ ಎಂದು ಯೋಚಿಸುತ್ತ ನಡೆದೆ.

ಕೆರೆ ಸುತ್ತಿದ ಮೇಲೆ ಚಿಕ್ಕಮ್ಮ ಕೇಳದೆಯೇ ಮತ್ತೆ ಜಯಲಕ್ಷ್ಮೀ ವಿಲಾಸದ ಕಡೆ ತಿರುಗಿದರು. ಕಾವಲಿಗೆ ಗುರುವಾರದವರೇ ಇದ್ದರು, ಗುರುತು ಹಿಡಿದು ನಕ್ಕರು. ಮನೆಯ ಬದಿಯಲ್ಲಿ, ಹುಲ್ಲಿನಲ್ಲಿ, ಕೆಂಪು ಬಣ್ಣದ ಗಾಜಿನ ಚೂರೊಂದು ಹೊಳೆಯುತ್ತಿತ್ತು. ಹೆಬ್ಬೆರಳಿನ ಉಗುರಿನಷ್ಟು ಇರಬಹುದು. ನಾನು ಬಗ್ಗಿ ಎತ್ತಿಕೊಂಡೆ. ನೆನಪಿಗೆಂದು ಇಟ್ಟುಕೊಳ್ಳುವ ಆಸೆ ಬಂದದ್ದು ನಿಜ.

"ಕೊಡು ಇಲ್ಲಿ" ಎಂದು ಚಿಕ್ಕಮ್ಮ ಕೈ ಚಾಚಿದರು. ಸೀರೆಯ ತುದಿಯಲ್ಲಿ ಮಣ್ಣು ಒರೆಸಿ, ಕಾವಲಿನವರ ಹತ್ತಿರ ಹೋಗಿ, "ಇದು ಮನೆಯದು. ರಿಪೇರಿಯವರು ಬಂದಾಗ ಕೊಡಿ. ಇಂಥ ಬಣ್ಣವೇ ಬೇಕೆಂದು ಹೋಲಿಸಿ ನೋಡಲು ಬೇಕಾಗುತ್ತದೆ" ಎಂದರು.

ಅವರು ಚೂರನ್ನು ಬೆಳಕಿಗೆ ಹಿಡಿದು ನೋಡಿದರು. ಜೇಬಿನಿಂದ ಒಂದು ಹಳೆಯ ಬೀಡಿ ಕಟ್ಟಿನ ಕಾಗದ ತೆಗೆದು ಸುತ್ತಿದರು. ಆಮೇಲೆ ತಮ್ಮ ಕುರ್ಚಿಯ ಪಕ್ಕದ ಗೂಡಿನಲ್ಲಿ, ಊಟದ ಡಬ್ಬಿಯ ಹಿಂದೆ, ಮಳೆ ತಾಗದ ಕಡೆ ಇಟ್ಟರು.